ಬಸುರಿಯರ ಪಂಕ್ತಿ, ಬಸುರಿಯರ ಮಾತು

ಗರ್ಭಿಣಿಗೆ ನಾಲ್ಕನೆಯ ತಿಂಗಳಿಂದ ಏಳನೆಯ ತಿಂಗಳವರೆಗಿನ ಕಾಲ ಸ್ವಲ್ಪ ನೆಮ್ಮದಿಯದು ಎನ್ನುತ್ತಾರೆ. ವಾಕರಿಕೆ ತಗ್ಗಿ ಬಾಯಿಗೆ ರುಚಿ ಹತ್ತಿರುತ್ತದೆ. ಹೊಟ್ಟೆ ಇನ್ನೂ ಅಷ್ಟಾಗಿ ಭಾರವೆನಿಸುವುದಿಲ್ಲ. ಹೆರಿಗೆಯ ದಿನ ದೂರವಿರುತ್ತದೆ. ಆದರೆ ಯಾರೊಡನೆಯಾದರೂ ಹೇಳಿಕೊಳ್ಳಬೇಕು ಅನ್ನಿಸುವ ಸಂಗತಿಗಳು ಹೆಚ್ಚಾಗಿ ಹುಟ್ಟುವುದೂ ಇದೇ ಕಾಲದಲ್ಲಿ. ಹೊಟ್ಟೆಯೊಳಗೆ ಏನೋ ಮಿಸುಕಿದಂತಾಗುತ್ತದೆ. ರಾತ್ರಿ ಮಲಗಿದಾಗ ಮೀನಖಂಡ ಹಿಡಿದುಕೊಳ್ಳುತ್ತದೆ. ಎದೆಯುರಿ ಬರುತ್ತದೆ. ಒಮ್ಮೊಮ್ಮೆ ಸೀಮೆಸುಣ್ಣವನ್ನೋ ಮಣ್ಣನ್ನೋ ತಿನ್ನಬೇಕೆನಿಸುತ್ತದೆ. ಇವೆಲ್ಲ ಸಹಜವೇ, ರೋಗವೇ? ಯಾರನ್ನು ಕೇಳಬೇಕು?

ಹಿಂದೆ ಇಂಥ ಪ್ರಶ್ನೆಗಳಿಗೆ ಉತ್ತರ ನಾಟಿ ಗದ್ದೆಯಲ್ಲಿ, ನೀರು ಸೇದುವ ಬಾವಿಕಟ್ಟೆಯಲ್ಲಿ, ತುಂಬಿದ ಮನೆಯ ಹಿತ್ತಿಲಲ್ಲಿ ಸಿಗುತ್ತಿತ್ತು. ಈಗ ಮನೆಗಳು ಚಿಕ್ಕವಾಗಿವೆ, ನಲ್ಲಿ ಮನೆಯೊಳಗೇ ಬಂದಿದೆ. ಗಂಡ ಕೆಲಸಕ್ಕೆ ಹೋದ ಮೇಲೆ ಹೊಸ ಸೊಸೆ ಒಂಟಿ. ಅತ್ತೆಯ ಎದುರು ಬಾಯಿ ಬಿಡಲು ಸಂಕೋಚ, ತವರು ದೂರ. ನಂಜನಗೂಡು ತಾಲ್ಲೂಕಿನ ಬಿಳಿಗೆರೆ ಹೋಬಳಿಯಾಗಲಿ, ನೆರೆಯ ಟಿ. ನರಸೀಪುರ ತಾಲ್ಲೂಕಾಗಲಿ ಇದಕ್ಕೆ ಹೊರತಲ್ಲ. ಹಾಗಿದ್ದರೂ ಈ ಸೀಮೆಗೆ ಒಂದು ಹೆಗ್ಗಳಿಕೆಯಿದೆ. ಹಳ್ಳಿಯ ಬಸುರಿಯರು ಒಂದೆಡೆ ಕಲೆಯಬಹುದಾದ ತಾಣ ಕರ್ನಾಟಕದಲ್ಲಿ ಮೊದಲು ತೆರೆದದ್ದು ಇಲ್ಲಿಯೇ.

ನರಸೀಪುರದಿಂದ ಹೊರಟ ದಾರಿ

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಟಿ. ನರಸೀಪುರ. ನೂರು ಅಂಗನವಾಡಿಗಳೊಂದಿಗೆ ಕೆಲಸ ಶುರುವಾಯಿತು. ಅಂಗನವಾಡಿ ಎಂದರೆ ಪುಟ್ಟ ಮಕ್ಕಳ ಶಾಲೆ ಎಂದೇ ಅನೇಕರು ತಿಳಿದಿದ್ದಾರೆ. ಆದರೆ ಗರ್ಭಿಣಿಯರ ಮತ್ತು ಹಾಲೂಡಿಸುವ ತಾಯಂದಿರ ಪೋಷಣೆಯೂ ಮೊದಲ ದಿನದಿಂದಲೇ ಅದರ ಹೊಣೆಯಾಗಿತ್ತು. ಬಹುಕಾಲ ಅವರಿಗೆ ಆಹಾರದ ಪೊಟ್ಟಣ ಕೊಟ್ಟು ಮನೆಗೆ ಕಳಿಸುವುದೇ ರೂಢಿ. ಮನೆ ಸೇರಿದ ಪೊಟ್ಟಣ ಎಲ್ಲರ ತಟ್ಟೆಗೂ ಹಂಚಿಹೋಗುವುದು ಸಹಜ.

2017ರ ಅಕ್ಟೋಬರ್ 2ರಂದು ರಾಜ್ಯ ಸರ್ಕಾರ ‘ಮಾತೃಪೂರ್ಣ’ ಯೋಜನೆಯನ್ನು ರಾಜ್ಯದಾದ್ಯಂತ ಜಾರಿಗೆ ತಂದಿತು. ಗರ್ಭಿಣಿಯರೂ ಹೆರಿಗೆಯಾಗಿ ಆರು ತಿಂಗಳವರೆಗಿನ ಬಾಣಂತಿಯರೂ ಮಧ್ಯಾಹ್ನ ಅಂಗನವಾಡಿಗೆ ಬಂದು ಬಿಸಿಯೂಟ ಮಾಡುವ ಏರ್ಪಾಟು ಇದು. ತಿಂಗಳಿಗೆ 25 ದಿನ ಅನ್ನ, ತರಕಾರಿ ಹಾಕಿದ ಸಾಂಬಾರು, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ ಕೊಡುವುದೆಂದು ನಿಗದಿಯಾಯಿತು. ಊಟದ ಬಳಿಕ ಅಲ್ಲೇ ಕಬ್ಬಿಣಾಂಶದ ಗುಳಿಗೆ. ಪೌಷ್ಟಿಕಾಂಶದ ಲೆಕ್ಕ ಹಾಕಿದವರು ಊಟದ ಬಗ್ಗೆ ಯೋಚಿಸಿದ್ದರು. ಆದರೆ ನಾಲ್ಕೈದು ಬಸುರಿಯರನ್ನು ದಿನವೂ ಒಂದೇ ಸಾಲಿನಲ್ಲಿ ಕೂರಿಸಿದಾಗ ಊಟದ ಜೊತೆಗೆ ಮತ್ತೊಂದು ವಸ್ತು ಪುಕ್ಕಟೆಯಾಗಿ ಸಿಗುತ್ತದೆ. ಅದು ಮಾತು.

‘ನಿಂಗೆ ಎಷ್ಟ್ ತಿಂಗ್ಳವ್ವ?’ ಎಂಬಲ್ಲಿಂದ ಇಂಥ ಮಾತು ಶುರುವಾಗುತ್ತದೆ. ‘ಐದು ತುಂಬ್ತು ಕಣಕ್ಕ’ ಎಂದ ಮೇಲೆ ಉಳಿದದ್ದೆಲ್ಲ ತಾನಾಗಿ ಹೊರಗೆ ಬರುತ್ತದೆ. ಆ ಮಾತುಗಳಲ್ಲಿ ಎಷ್ಟು ವಿಜ್ಞಾನ ಅಡಗಿದೆ ಎಂಬುದನ್ನು ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಅರಿತುಕೊಳ್ಳುವುದು ಒಳ್ಳೆಯದು.

ಮಗು ಮಿಸುಕುವುದು

ಮೊದಲ ಬಸುರಿಗೆ ಮಗುವಿನ ಚಲನೆ ಸಾಮಾನ್ಯವಾಗಿ 18ರಿಂದ 20ನೆಯ ವಾರದಲ್ಲಿ ತಿಳಿಯುತ್ತದೆ. ಎರಡನೆಯ ಸಲದವಳಿಗೆ ಒಂದೆರಡು ವಾರ ಮೊದಲೇ ಗೊತ್ತಾಗುತ್ತದೆ. ಮಗು ಬೇಗ ಬಲಿತದ್ದು ಇದಕ್ಕೆ ಕಾರಣವಲ್ಲ, ತಾಯಿಗೆ ಆ ಅನುಭವದ ಗುರುತು ಸಿಕ್ಕಿರುವುದೇ ಕಾರಣ. ಮಗು ಅದಕ್ಕೆ ಎಷ್ಟೋ ವಾರ ಮೊದಲೇ ಕೈಕಾಲು ಆಡಿಸುತ್ತಿರುತ್ತದೆ. ತೀರ ಚಿಕ್ಕದಾದ್ದರಿಂದ ತಾಯಿಗೆ ತಾಗುವುದಿಲ್ಲ ಅಷ್ಟೆ. ‘ಹೊಟ್ಟೆಯೊಳಗೆ ಮೀನು ಹರಿದಾಡಿದಂಗಾಯ್ತದೆ, ವಾಯುವೋ ಏನೋ’ ಎಂದು ಅನುಮಾನಿಸುವ ಚೊಚ್ಚಲ ಬಸುರಿಗೆ, ‘ಅದೇ ಕಣವ್ವ ಮಗ’ ಎಂದು ಪಕ್ಕದವಳು ಹೇಳಿದರೆ ದೊಡ್ಡ ಭಯವೊಂದು ಕಳೆದಂತೆ.

ಗರ್ಭಕೋಶದ ಮೇಲ್ಭಾಗ ಸುಮಾರು 20ನೆಯ ವಾರಕ್ಕೆ ಹೊಕ್ಕುಳ ಮಟ್ಟಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಹಲವು ವಾರ, ಕಿಬ್ಬೊಟ್ಟೆಯ ಮೂಳೆಯಿಂದ ಗರ್ಭಕೋಶದ ತುದಿಯವರೆಗೆ ಟೇಪಿನಲ್ಲಿ ಅಳೆದರೆ ಎಷ್ಟು ಸೆಂಟಿಮೀಟರೋ ಹೆಚ್ಚುಕಡಿಮೆ ಅಷ್ಟೇ ವಾರ ತುಂಬಿರುತ್ತದೆ. ದರ್ಜಿಯ ಟೇಪು ಕೂಡ ವೈದ್ಯಕೀಯ ಉಪಕರಣವಾಗುವ ಸೊಗಸು ಇದು. ಅಳತೆ ತೀರ ಹಿಂದೆ ಬಿದ್ದರೆ ಮಗು ಸರಿಯಾಗಿ ಬೆಳೆಯುತ್ತಿದೆಯೇ ಎಂದು ವೈದ್ಯರು ಹೆಚ್ಚಿನ ಪರೀಕ್ಷೆ ಮಾಡುತ್ತಾರೆ.

ಹೊಟ್ಟೆಯ ಆಕಾರ ನೋಡಿ ಗಂಡೋ ಹೆಣ್ಣೋ ಹೇಳುವವರೂ ಪಂಕ್ತಿಯಲ್ಲಿರುತ್ತಾರೆ. ಹೊಟ್ಟೆ ಮುಂಚಾಚುವುದು, ಅಗಲವಾಗುವುದು ತಾಯಿಯ ಸ್ನಾಯುಗಳ ಬಿಗಿ ಮತ್ತು ಮಗು ಮಲಗಿರುವ ಭಂಗಿಯನ್ನು ಅವಲಂಬಿಸಿದೆ. ಗಂಡೋ ಹೆಣ್ಣೋ ಎಂಬುದು ಗರ್ಭ ಕಟ್ಟಿದ ಕ್ಷಣದಲ್ಲೇ ತಂದೆಯ ವೀರ್ಯಾಣು ತಂದ ಎಕ್ಸ್ ಅಥವಾ ವೈ ವರ್ಣತಂತುವಿನಿಂದ ತೀರ್ಮಾನವಾಗಿರುತ್ತದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಯವರು ಹತ್ತನೆಯ ತರಗತಿಯ ಪಾಠವನ್ನು ಇನ್ನೊಮ್ಮೆ ಓದುವುದು ಒಳ್ಳೆಯದು. ಸ್ಕ್ಯಾನಿಂಗ್ ಮೂಲಕ ಲಿಂಗ ತಿಳಿಸುವುದನ್ನು 1994ರ ಕಾಯ್ದೆ ಅಪರಾಧವೆಂದು ಸಾರಿದೆ. ಹಾಗೆಯೇ ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗಾಗುವುದಿಲ್ಲ. ಮೈಬಣ್ಣ ವಂಶವಾಹಿಗಳ ಕೊಡುಗೆ. ಕೇಸರಿಗೆ ಕೊಡುವ ಹಣದಲ್ಲಿ ಎಷ್ಟೋ ಕಟ್ಟು ಸೊಪ್ಪು ಬರುತ್ತದೆ.

ರಕ್ತ ತೆಳುವಾಗುವ ಲೆಕ್ಕ

‘ಸಿಸ್ಟರು ರಕ್ತ ಕಮ್ಮಿ ಅಂದ್ರು’ ಎಂಬುದು ಪಂಕ್ತಿಯಲ್ಲಿ ಹೆಚ್ಚಾಗಿ ಕೇಳುವ ಮಾತು. ಇದರ ಹಿಂದೆ ಸರಳವಾದ ಗಣಿತವಿದೆ. ಬಸುರಿನಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಕೆಂಪು ರಕ್ತಕಣಗಳು ಅಷ್ಟು ವೇಗವಾಗಿ ಹೆಚ್ಚುವುದಿಲ್ಲ. ಸಾರಿಗೆ ನೀರು ಬೆರೆಸಿದಂತೆ ರಕ್ತ ಸ್ವಲ್ಪ ತೆಳುವಾಗುತ್ತದೆ. ಇಷ್ಟು ಸಹಜ. ಜೊತೆಗೆ ಮಗುವೂ ತಾಯಿಯಿಂದಲೇ ಕಬ್ಬಿಣ ಪಡೆಯುತ್ತದೆ. ತಾಯಿಯ ದೇಹದಲ್ಲಿ ಕಬ್ಬಿಣದ ದಾಸ್ತಾನು ಮೊದಲೇ ಕಡಿಮೆಯಿದ್ದರೆ ಸಹಜ ಸ್ಥಿತಿ ರೋಗವಾಗಿ ತಿರುಗುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ಗರ್ಭಿಣಿಗೆ ರಕ್ತಹೀನತೆ, 7 ಗ್ರಾಂಗಿಂತ ಕಡಿಮೆಯಾದರೆ ಅದು ತೀವ್ರ. ಅಂಥವಳಿಗೆ ಹೆರಿಗೆಯಲ್ಲಿ ಬೇರೆಯವರು ತಡೆದುಕೊಳ್ಳುವಷ್ಟು ರಕ್ತಸ್ರಾವವಾದರೂ ಜೀವಕ್ಕೆ ಕುತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಶೇ 45ಕ್ಕೂ ಹೆಚ್ಚು.

ಪರಿಹಾರ ಕೈಯಲ್ಲೇ ಇದೆ. ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ನುಂಗಬೇಕಾದ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಗುಳಿಗೆಯೇನೋ ಮನೆ ಸೇರುತ್ತದೆ, ಆದರೆ ಹೊಟ್ಟೆ ಸೇರುವುದಿಲ್ಲ. ಕಾರಣ, ನಾಲ್ಕು ದಿನ ನುಂಗಿದ ಮೇಲೆ ಮಲ ಕಪ್ಪಗಾಗುತ್ತದೆ, ಮಲಬದ್ಧತೆಯಾಗುತ್ತದೆ, ಹೊಟ್ಟೆ ತೊಳಸುತ್ತದೆ. ಗಾಬರಿಯಾದ ಹೆಣ್ಣು ಯಾರಿಗೂ ಹೇಳದೆ ಗುಳಿಗೆಯನ್ನು ಗೂಡಿನಲ್ಲಿಡುತ್ತಾಳೆ. ವೈದ್ಯರ ಎದುರು ಆಡಲು ನಾಚಿಕೆಯಾಗುವ ಈ ವಿಷಯವನ್ನು ಊಟದ ಸಾಲಿನಲ್ಲಿ ಪಿಸುಮಾತಿನಲ್ಲಿ ಹೇಳಿಕೊಳ್ಳಬಹುದು. ‘ನಂಗೂ ಹಂಗೇ ಆಯ್ತಿತ್ತು, ಈಗ ಸರಿಹೋಯ್ತು’ ಎಂಬ ಒಂದು ಮಾತು ಗೋಡೆಯ ಮೇಲಿನ ಭಿತ್ತಿಪತ್ರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಕಪ್ಪಾಗುವುದು ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ, ಅದರಿಂದ ಕೇಡಿಲ್ಲ.

ಕೆಲವು ಕಿವಿಮಾತುಗಳು ಇಲ್ಲಿ ಉಪಯುಕ್ತ. ಗುಳಿಗೆ ನುಂಗಿದ ಆಸುಪಾಸಿನಲ್ಲಿ ಕಾಫಿ, ಟೀ ಬೇಡ. ಟೀಯಲ್ಲಿನ ಟ್ಯಾನಿನ್ ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ನಿಂಬೆಹಣ್ಣು, ನೆಲ್ಲಿಕಾಯಿಯ ಸಿ ಜೀವಸತ್ವ ಅದಕ್ಕೆ ನೆರವಾಗುತ್ತದೆ. ಬಸ್ಸಾರು, ಉಪ್ಸಾರಿನ ಊಟಕ್ಕೆ ನಿಂಬೆರಸ ಹಿಂಡಿಕೊಳ್ಳುವುದು ರುಚಿಗೂ ಸರಿ, ರಕ್ತಕ್ಕೂ ಸರಿ. ಸುಣ್ಣಾಂಶದ ಗುಳಿಗೆಯನ್ನು ಕಬ್ಬಿಣದ ಗುಳಿಗೆಯ ಜೊತೆ ನುಂಗಬಾರದು, ಬೇರೆ ಹೊತ್ತಿನಲ್ಲಿ ನುಂಗಬೇಕು. ಮಣ್ಣು, ಬೂದಿ, ಅಕ್ಕಿ ತಿನ್ನುವ ಬಯಕೆ ಅನೇಕ ವೇಳೆ ರಕ್ತಹೀನತೆಯ ಜೊತೆಗೇ ಕಾಣಿಸಿಕೊಳ್ಳುತ್ತದೆ. ನಗೆಯಾಡಿ ಬಿಡದೆ ರಕ್ತ ಪರೀಕ್ಷೆ ಮಾಡಿಸಬೇಕು.

ಎದೆಯುರಿಗೂ ಕಾರಣವಿದೆ. ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ರಸದೂತ ಗರ್ಭಕೋಶದ ಸ್ನಾಯುಗಳನ್ನು ಸಡಿಲಿಸುವಾಗ ಅನ್ನನಾಳದ ಕೆಳಬಾಗಿಲನ್ನೂ ಸಡಿಲಿಸುತ್ತದೆ. ಜಠರದ ಆಮ್ಲ ಮೇಲಕ್ಕೆ ಉಕ್ಕುತ್ತದೆ. ಒಮ್ಮೆಗೇ ಹೊಟ್ಟೆ ಬಿರಿಯ ಉಣ್ಣದೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಉಣ್ಣುವುದು, ಉಂಡೊಡನೆ ಮಲಗದಿರುವುದು ಇದಕ್ಕೆ ಮನೆಮದ್ದು.

ಮೈಸೂರಿನ ಹಳೆಯ ದಪ್ತರ ಹೇಳಿದ್ದು

‘ಹೆಚ್ಚು ತಿಂದರೆ ಮಗ ದಪ್ಪಗಾಗಿ ಹೆರಿಗೆ ಕಷ್ಟವಾಯ್ತದೆ’ ಎಂಬ ನಂಬಿಕೆ ಹಿರಿಯರಲ್ಲಿ ಇನ್ನೂ ಇದೆ. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಹುಟ್ಟಿದ ಭಯವದು. ಇದಕ್ಕೆ ಉತ್ತರ ಮೈಸೂರಿನಲ್ಲೇ ಸಿಕ್ಕಿದೆ. ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಡಲಾಗಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಮುಂದೆ ಮಧ್ಯವಯಸ್ಸಿಗೆ ಬಂದಿದ್ದ 517 ಜನರನ್ನು ಸಂಶೋಧಕರು ಪತ್ತೆಹಚ್ಚಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11ರಷ್ಟು ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇ 3 ಮಾತ್ರ. ತಾಯಿ ತೂಕ ಕಡಿಮೆಯಿದ್ದವರಲ್ಲಿ ಈ ಕಾಯಿಲೆ ಇನ್ನೂ ಹೆಚ್ಚು. ಬಸುರಿನಲ್ಲಿ ತಾಯಿ ಉಣ್ಣುವ ತುತ್ತಿನ ಲೆಕ್ಕ ಹೆರಿಗೆಯ ದಿನಕ್ಕೇ ಮುಗಿಯುವುದಿಲ್ಲ, ಐವತ್ತು ವರ್ಷದ ನಂತರವೂ ಮಗನ ಎದೆಬಡಿತದಲ್ಲಿ ಕೇಳಿಸುತ್ತದೆ ಎಂಬುದನ್ನು ಈ ಅಧ್ಯಯನ ಸೂಚಿಸಿತು.

ಮಾತಿನಿಂದ ಉಳಿದ ಜೀವಗಳು

ಹೆಂಗಸರು ಸೇರಿ ಮಾತಾಡಿದರೆ ಕಾಲಹರಣ ಎನ್ನುವ ಗಂಡಸರು ಗಮನಿಸಬೇಕಾದ ಪ್ರಯೋಗಗಳಿವೆ. ನೇಪಾಳದ ಮಕ್ವಾನ್‌ಪುರ ಜಿಲ್ಲೆಯ ಹಳ್ಳಿಗಳಲ್ಲಿ ಮಹಿಳೆಯರು ತಿಂಗಳಿಗೊಮ್ಮೆ ಸೇರಿ ಬಸುರು, ಹೆರಿಗೆಯ ತೊಂದರೆಗಳನ್ನು ಹಂಚಿಕೊಂಡು ತಾವೇ ದಾರಿ ಹುಡುಕುವ ಗುಂಪುಗಳನ್ನು ಏರ್ಪಡಿಸಲಾಯಿತು. 2004ರಲ್ಲಿ ಪ್ರಕಟವಾದ ವರದಿಯಂತೆ ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಇತರ ಹಳ್ಳಿಗಳಿಗಿಂತ ಶೇ 30ರಷ್ಟು ಕಡಿಮೆಯಿತ್ತು. ಜಾರ್ಖಂಡ್ ಮತ್ತು ಒಡಿಶಾದ ಬುಡಕಟ್ಟು ಹಳ್ಳಿಗಳಲ್ಲಿ ‘ಏಕಜುಟ್’ ಸಂಸ್ಥೆ ಇಂಥದೇ ಗುಂಪುಗಳನ್ನು ನಡೆಸಿತು. 2010ರಲ್ಲಿ ಹೊರಬಂದ ಅದರ ಫಲಿತಾಂಶದಲ್ಲಿ ಮೂರು ವರ್ಷದ ಅವಧಿಗೆ ಸಾವು ಶೇ 32ರಷ್ಟು ಕಡಿಮೆ. ಮೂರನೆಯ ವರ್ಷದ ಹೊತ್ತಿಗೆ ತಾಯಂದಿರ ಮನಸ್ಸಿನ ಖಿನ್ನತೆಯೂ ಗಣನೀಯವಾಗಿ ತಗ್ಗಿತ್ತು. ಅಮೆರಿಕದಲ್ಲಿ 1990ರ ದಶಕದಲ್ಲಿ ಶಾರನ್ ಶಿಂಡ್ಲರ್ ರೈಸಿಂಗ್ ಎಂಬ ಸೂಲಗಿತ್ತಿ ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ ಹೆರಿಗೆಯಾಗಲಿರುವ ಎಂಟು ಹತ್ತು ಮಂದಿಯನ್ನು ವೃತ್ತವಾಗಿ ಕೂರಿಸಿ ತಪಾಸಣೆ ಮತ್ತು ಮಾತುಕತೆ ನಡೆಸುವ ಪದ್ಧತಿಯನ್ನು ಜಾರಿಗೆ ತಂದರು. ನಮ್ಮ ಊಟದ ಪಂಕ್ತಿಗೆ ಇದು ದೂರದ ಬಂಧು.

ಈ ಪ್ರಯೋಗಗಳಲ್ಲಿ ಇನ್ನೊಂದು ಪಾಠವೂ ಇದೆ. ಊರಿನ ಗರ್ಭಿಣಿಯರಲ್ಲಿ ಮೂರನೆಯ ಒಂದು ಭಾಗದಷ್ಟಾದರೂ ಗುಂಪಿಗೆ ಬಂದ ಕಡೆ ಫಲ ಹೆಚ್ಚು. ನಾಲ್ಕು ಜನ ಬಂದು ಹತ್ತು ಜನ ಮನೆಯಲ್ಲೇ ಉಳಿದರೆ ಸಾಲದು.

ಬಾರದೆ ಉಳಿದವರು

ಇಲ್ಲಿಯೇ ನಮ್ಮ ತೊಡಕು ಇರುವುದು. ಏಳು ತುಂಬಿದವಳು ಬಿಸಿಲಿನಲ್ಲಿ ನಡೆದು ಬರುವುದು ಕಷ್ಟ. ಕೂಲಿಗೆ ಹೋಗುವವಳಿಗೆ ಮಧ್ಯಾಹ್ನ ಬಿಡುವಿಲ್ಲ. ಬಸುರಿ ಹೊರಗೆ ಉಣ್ಣಬಾರದು, ಕಣ್ಣು ತಾಗುತ್ತದೆ ಎಂಬ ಮಾತು ಕೆಲವು ಮನೆಗಳಲ್ಲಿದೆ. ಯಾರು ಅಡುಗೆ ಮಾಡಿದರು, ಪಕ್ಕದಲ್ಲಿ ಯಾರು ಕೂತರು ಎಂದು ಜಾತಿ ನೋಡುವವರೂ ಇದ್ದಾರೆ. ಮಾತೃಪೂರ್ಣ ಆರಂಭವಾದಾಗಲೇ ಊಟವನ್ನು ಮನೆಗೆ ಕೊಡಿ ಎಂಬ ಬೇಡಿಕೆ ಹಲವೆಡೆ ಬಂದಿತ್ತು. 2020ರಲ್ಲಿ ಕೋವಿಡ್ ಬಂದು ಅಂಗನವಾಡಿಗಳು ಮುಚ್ಚಿದಾಗ ಆಹಾರ ಪದಾರ್ಥ ಮನೆಗೇ ಹೋಯಿತು, ಪಂಕ್ತಿ ಮುರಿಯಿತು. ಊಟವನ್ನು ಮನೆಗೆ ಒಯ್ಯಬಹುದು, ಪಂಕ್ತಿಯ ಮಾತನ್ನು ಒಯ್ಯಲಾಗದು. ನಡೆದು ಬರಲಾಗದವರ ಮನೆಗೆ ಉಳಿದವರು ವಾರಕ್ಕೊಮ್ಮೆ ಹೋಗಿ ಕೂತರೆ ಈ ಕೊರತೆ ಸ್ವಲ್ಪಮಟ್ಟಿಗೆ ತುಂಬೀತು. ಅಂಗನವಾಡಿಗಳಲ್ಲಿ ಈಗ ನಡೆಯುವ ಸೀಮಂತದಲ್ಲಿ ಎಲ್ಲ ಜಾತಿಯ ಬಸುರಿಯರಿಗೂ ಒಟ್ಟಿಗೆ ಬಳೆ ತೊಡಿಸಿ ಮಡಿಲು ತುಂಬುತ್ತಿರುವುದು ಈ ದಿಸೆಯಲ್ಲಿ ಒಳ್ಳೆಯ ಹೆಜ್ಜೆ.

ಪಂಕ್ತಿಯ ಮಾತಿಗೂ ಮಿತಿಯಿದೆ ಎಂಬುದನ್ನು ಮರೆಯಬಾರದು. ರಕ್ತ ಕಾಣಿಸಿಕೊಂಡರೆ, ನೀರು ಹೋದರೆ, ಮುಖ ಕೈಗಳು ಊದಿಕೊಂಡರೆ, ಬಿಡದ ತಲೆನೋವು ಬಂದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಜ್ವರ ಏರಿದರೆ, ಚೆನ್ನಾಗಿ ಆಡುತ್ತಿದ್ದ ಮಗುವಿನ ಆಟ ಕಡಿಮೆಯಾದರೆ ‘ನಂಗೂ ಹಂಗೇ ಆಗಿತ್ತು’ ಎಂಬ ಸಮಾಧಾನ ಅಪಾಯಕಾರಿ. ತಾಯಿ ಕಾರ್ಡ್ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಬೇಕು, 108ಕ್ಕೆ ಕರೆ ಮಾಡಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇದೆ. 2004–06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು, 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ ಹೆಚ್ಚಿದ್ದು ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು.

ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಲಿದೆ. ಬಸುರಿಯ ರಕ್ತದ ಲೆಕ್ಕ ಬಸುರಿನಲ್ಲಿ ಶುರುವಾಗುವುದಲ್ಲ, ಹೈಸ್ಕೂಲಿನಲ್ಲಿ ಶುರುವಾಗುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯನ್ನು ಕಿಟಕಿಯಾಚೆ ಎಸೆಯುವ ಹುಡುಗಿ ಹತ್ತು ವರ್ಷದ ಮುಂದಿನ ತನ್ನ ದಾಸ್ತಾನನ್ನೇ ಎಸೆಯುತ್ತಾಳೆ. ಮದುವೆಗೆ ಹದಿನೆಂಟಾದರೂ ತುಂಬಲಿ ಎಂದು ಕಾಯ್ದೆ ಹೇಳುವುದಕ್ಕೂ ದೇಹದ ಬೆಳವಣಿಗೆಗೂ ನಂಟಿದೆ. ಗಂಡುಮಕ್ಕಳೂ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಸುರಿಯಾಗಿದ್ದರೆ ಪುಸ್ತಕದ ಪಾಠವನ್ನು ಅವರಿಗೆ ಓದಿ ಹೇಳಬಹುದು, ನೀರಿನ ಕೊಡವನ್ನು ತಾವೇ ಎತ್ತಿಡಬಹುದು. ಅಂಗನವಾಡಿಗೆ ಹೊರಟ ಸೊಸೆಯನ್ನು ಅತ್ತೆಯಾದವಳು ‘ಹೋಗಿ ಬಾ ಮಗಳೇ, ಇಲ್ಲಿ ನಾನಿದ್ದೀನಿ’ ಎಂದು ಕಳಿಸಿಕೊಟ್ಟರೆ ಅದಕ್ಕಿಂತ ದೊಡ್ಡ ಟಾನಿಕ್ ಬೇರಿಲ್ಲ.