ಬಾಡಿಗೆ ಮನೆಗೊಂದು ಸಂಜೆ ಮಲ್ಲಿಗೆ

ಬಾಡಿಗೆ ಮನೆಯ ಕರಾರು ಪತ್ರವನ್ನು ಎಂದಾದರೂ ಓದಿದ್ದೀರಾ? ಹೆಚ್ಚಿನವುಗಳಲ್ಲಿ ಅವಧಿ ಹನ್ನೊಂದು ತಿಂಗಳು ಎಂದಿರುತ್ತದೆ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಆ ಖರ್ಚು, ಓಡಾಟ ಯಾಕೆ ಎಂದು ಓನರ್ ಕೂಡ, ಬಾಡಿಗೆದಾರ ಕೂಡ ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಹಾಗಾಗಿ ಬಾಡಿಗೆ ಮನೆಯವರು ಬೆಳೆಸುವ ಗಿಡಗಳೂ ಆ ಅವಧಿಯೊಳಗೆ ಮುಗಿಯುವಂಥವೇ: ಕೊತ್ತಂಬರಿ, ಮೆಂತ್ಯ, ಟೊಮೆಟೊ, ಹೆಚ್ಚೆಂದರೆ ಚೆಂಡು ಹೂವು. ತೆಂಗಿನ ಸಸಿ ನೆಟ್ಟರೆ ಅದರ ಕಾಯಿ ಕೀಳುವವರು ಬೇರೆ ಯಾರೋ ಆಗಿರುತ್ತಾರೆ.

ಈ ಲೆಕ್ಕಕ್ಕೆ ಸಿಗದ ಒಂದು ಗಿಡ ನಮ್ಮ ಮನೆಯಲ್ಲಿದೆ. ಅದು ಸಂಜೆ ಮಲ್ಲಿಗೆ. ದಾವಣಗೆರೆಯಲ್ಲಿ ಹದಿನಾಲ್ಕು ವರ್ಷಗಳಲ್ಲಿ ನಾವು ನಾಲ್ಕು ಮನೆ ಬದಲಿಸಿದ್ದೇವೆ. ಎಲ್ಲ ಮನೆಗೂ ತಪ್ಪದೆ ನಮ್ಮ ಜೊತೆ ಬಂದಿರುವುದು ಗ್ಯಾಸ್ ಸ್ಟವ್, ಅಪ್ಪನ ಕಬ್ಬಿಣದ ಟ್ರಂಕ್ ಮತ್ತು ಈ ಗಿಡ.

ಹೆಸರಿನಲ್ಲಿ ಮಲ್ಲಿಗೆ ಇದ್ದರೂ ಇದು ಮಲ್ಲಿಗೆಯ ಸಂಬಂಧಿಯಲ್ಲ. ಕಾಂಪೌಂಡ್ ಮೇಲೆ ಹಬ್ಬುವ ಕಾಗದದ ಹೂವು, ಅಂದರೆ ಬೋಗನ್‌ವಿಲ್ಲಾ ಕುಟುಂಬಕ್ಕೆ ಸೇರಿದ್ದು. ಮೂಲ ಅಮೆರಿಕ ಖಂಡದ ಉಷ್ಣ ಪ್ರದೇಶ. ಇಂಗ್ಲಿಷಿನಲ್ಲಿ ಫೋರ್ ಓ ಕ್ಲಾಕ್ ಎನ್ನುತ್ತಾರೆ, ‘ಪೆರುವಿನ ಅದ್ಭುತ’ ಎಂಬ ಅರ್ಥದ ಇನ್ನೊಂದು ಹೆಸರೂ ಇದೆ. ಸಸ್ಯಶಾಸ್ತ್ರದ ಹೆಸರು ಮಿರಾಬಿಲಿಸ್ ಜಲಾಪ. ಮಿರಾಬಿಲಿಸ್ ಎಂದರೆ ಲ್ಯಾಟಿನ್‌ನಲ್ಲಿ ಅಚ್ಚರಿ ಹುಟ್ಟಿಸುವಂಥದ್ದು.

ನಮ್ಮಲ್ಲಿ ಮಾತ್ರ ಇದನ್ನು ಕಂಡು ಅಚ್ಚರಿಪಡುವವರು ಕಡಿಮೆ. ಇಷ್ಟೊಂದು ಹೂ ಬಿಟ್ಟರೂ ಹೂವಿನ ಮಾರುಕಟ್ಟೆಯಲ್ಲಿ ಇದು ಕಾಣುವುದಿಲ್ಲ. ಸಂಜೆ ಅರಳಿ ಬೆಳಿಗ್ಗೆ ಬಿಸಿಲೇರುವಷ್ಟರಲ್ಲಿ ಮುದುಡುವ ಹೂವನ್ನು ಯಾರು ಕೊಂಡಾರು? ಮಕ್ಕಳು ಕಿತ್ತು ಕಿವಿಗೆ ಜುಮುಕಿ ಮಾಡಿ ನೇತುಹಾಕಿಕೊಳ್ಳುತ್ತಾರೆ, ಅಷ್ಟೇ ಅದರ ವ್ಯಾಪಾರ.

ನಮ್ಮ ಗಿಡದ ಮೊದಲ ಗೆಡ್ಡೆ ಬಂದದ್ದು ಅಮ್ಮನ ತವರಿನಿಂದ. ಚನ್ನಗಿರಿ ಕಡೆಯ ಹಳ್ಳಿಯಲ್ಲಿ ಅಜ್ಜಿಯ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿದುಹೋಗುವ ಜಾಗದಲ್ಲಿ ಅದು ಪೊದೆಯಾಗಿ ಬೆಳೆದಿತ್ತು. ಮಾವಂದಿರು ಬೇರೆಯಾದ ಮೇಲೆ ಆ ಮನೆ ಮಾರಾಟವಾಯಿತು. ಕೊಂಡವರು ಕೆಡವಿ ಹೊಸ ಮನೆ ಕಟ್ಟಿದರು. ಅಮ್ಮ ಅಲ್ಲಿಂದ ತಂದದ್ದು ಎರಡೇ: ಒಂದು ತಾಮ್ರದ ಹಂಡೆ, ಒಂದು ಗೆಡ್ಡೆ. ನನ್ನ ಪಿಯುಸಿ ಫೀಸ್ ಕಟ್ಟುವ ವರ್ಷ ಹಂಡೆ ಪಾತ್ರೆ ಅಂಗಡಿಗೆ ಹೋಯಿತು. ಗೆಡ್ಡೆಗೆ ಬೆಲೆ ಕಟ್ಟುವವರಿಲ್ಲ, ಹಾಗಾಗಿ ಉಳಿದುಕೊಂಡಿದೆ.

ಈ ಗೆಡ್ಡೆಯೇ ಗಿಡದ ಗುಟ್ಟು. ಸಂಜೆ ಮಲ್ಲಿಗೆ ಬಹುವಾರ್ಷಿಕ ಸಸ್ಯ. ಮೇಲೆ ಎರಡು ಮೂರು ಅಡಿ ಎತ್ತರದ ಮೆತ್ತನೆಯ ಕಾಂಡ, ಗೆಣ್ಣು ಗೆಣ್ಣಿನಲ್ಲಿ ಪಟಕ್ಕನೆ ಮುರಿಯುವಂಥದ್ದು. ಕೆಳಗೆ ಕಪ್ಪು ಸಿಪ್ಪೆಯ, ಗೆಣಸಿನಂಥ ಬೇರು. ಬೇಸಿಗೆಯಲ್ಲಿ ನೀರು ಸಿಗದಿದ್ದರೆ ಮೇಲಿನದೆಲ್ಲ ಒಣಗಿ ಕಡ್ಡಿಯಾಗುತ್ತದೆ. ನೋಡಿದವರು ಗಿಡ ಸತ್ತಿತು ಎನ್ನುತ್ತಾರೆ. ಆಹಾರವನ್ನೂ ನೀರನ್ನೂ ಕೂಡಿಟ್ಟುಕೊಂಡ ಬೇರು ಮಣ್ಣಿನೊಳಗೆ ಸುಮ್ಮನಿರುತ್ತದೆ. ಮೇ ತಿಂಗಳಲ್ಲಿ ಎರಡು ಮಳೆ ಬಿದ್ದರೆ ಅದೇ ಜಾಗದಲ್ಲಿ ಕೆಂಪು ಮಿಶ್ರಿತ ಹಸಿರು ಚಿಗುರು ಏಳುತ್ತದೆ. ವರ್ಷ ಕಳೆದಂತೆ ಗೆಡ್ಡೆ ದಪ್ಪಗಾಗುತ್ತದೆ, ಗಿಡವೂ ಹರಡಿಕೊಳ್ಳುತ್ತದೆ.

ಮನೆ ಬದಲಿಸುವವರಿಗೆ ಬೇಕಾದದ್ದು ಇಂಥ ಗಿಡ. ಕಾಂಡವನ್ನು ಅರ್ಧ ಅಡಿ ಬಿಟ್ಟು ಕತ್ತರಿಸಬೇಕು. ಸುತ್ತಲಿನ ಮಣ್ಣನ್ನು ಗುದ್ದಲಿಯಿಂದ ದೂರದಿಂದಲೇ ಸಡಿಲ ಮಾಡಿ ಗೆಡ್ಡೆಗೆ ಗಾಯವಾಗದಂತೆ ಎತ್ತಬೇಕು. ಒದ್ದೆಯಿದ್ದರೆ ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿ ಸುತ್ತಿದರೆ ಕೆಲವು ವಾರ ನೀರಿಲ್ಲದೆ ಇರಬಲ್ಲದು. ಹೊಸ ಜಾಗದಲ್ಲಿ ಚಿಗುರುವ ತುದಿ ಮೇಲಕ್ಕೆ ಬರುವಂತೆ ನೆಟ್ಟರೆ ಆಯಿತು. ಮೂರನೇ ಮನೆಗೆ ಬರುವಾಗ ಲಗೇಜ್ ಗಾಡಿಯಲ್ಲಿ ಜಾಗವಿಲ್ಲದೆ ಗೆಡ್ಡೆ ನನ್ನ ಕಾಲೇಜ್ ಬ್ಯಾಗಿನಲ್ಲೇ ಬಂದಿತ್ತು.

ಎಲೆಕ್ಟ್ರಾನಿಕ್ಸ್ ಓದುವ ನನಗೆ ಈ ಗಿಡದ ಇನ್ನೊಂದು ಸಂಗತಿ ತುಂಬ ಇಷ್ಟ. ಲ್ಯಾಬ್‌ನಲ್ಲಿ ಎಲ್‌ಡಿಆರ್ ಬಳಸಿ, ಕತ್ತಲಾದರೆ ತಾನಾಗಿ ಹೊತ್ತಿಕೊಳ್ಳುವ ದೀಪದ ಸರ್ಕಿಟ್ ಮಾಡಿದ್ದೆವು. ಸೆನ್ಸರ್ ಮೇಲೆ ಕೈ ಮುಚ್ಚಿದರೆ ಮಟಮಟ ಮಧ್ಯಾಹ್ನವೂ ಅದು ಹೊತ್ತಿಕೊಳ್ಳುತ್ತದೆ. ಸಂಜೆ ಮಲ್ಲಿಗೆಯನ್ನು ಹಾಗೆ ಏಮಾರಿಸಲು ಆಗದು. ಮಧ್ಯಾಹ್ನ ಹತ್ತು ನಿಮಿಷ ಬಕೆಟ್ ಕವಿಚಿಟ್ಟರೆ ಮೊಗ್ಗು ಬಿರಿಯುವುದಿಲ್ಲ. ಗಿಡದೊಳಗೇ ದಿನದ ಲಯ ಅಳೆಯುವ ಗಡಿಯಾರವಿದೆ. ಬೆಳಕು ಮತ್ತು ತಾಪಮಾನ ಆ ಗಡಿಯಾರವನ್ನು ದಿನವೂ ಹೊಂದಿಸುತ್ತವೆ. ಹೂ ಅರಳುವ ಹೊತ್ತಿನ ಮೇಲೆ ಸಮಯ ಹೇಳುವ ‘ಹೂವಿನ ಗಡಿಯಾರ’ದ ಕಲ್ಪನೆಯನ್ನು ಸ್ವೀಡನ್ನಿನ ಲಿನೇಯಸ್ 1751ರಲ್ಲೇ ಮುಂದಿಟ್ಟಿದ್ದರು.

ಸಂಜೆಯೇ ಅರಳುವುದಕ್ಕೂ ಕಾರಣವಿದೆ. ಹೂವಿನ ಉದ್ದ ಕೊಳವೆಯ ತಳದಲ್ಲಿ ಮಕರಂದ ಇರುತ್ತದೆ. ಅಲ್ಲಿಗೆ ತಲುಪುವಷ್ಟು ಉದ್ದದ ಹೀರುಕೊಳವೆ ಇರುವುದು ಮುಸ್ಸಂಜೆಯ ನಂತರ ಹಾರಾಡುವ ಹಾಕ್ ಮಾತ್ ಎಂಬ ದೊಡ್ಡ ಪತಂಗಗಳಿಗೆ. ಹೂ ಅರಳುವಾಗ ಬೀರುವ ಪರಿಮಳ ಅವುಗಳಿಗೆ ಕರೆ. ಮತ್ತೊಂದು ವಿಷಯ: ಈ ಹೂವಿಗೆ ನಿಜವಾದ ಎಸಳುಗಳೇ ಇಲ್ಲ! ಬೇರೆ ಹೂಗಳಲ್ಲಿ ಮೊಗ್ಗನ್ನು ಹೊರಗಿನಿಂದ ಮುಚ್ಚುವ ಹಸಿರು ಭಾಗ ಇರುತ್ತದಲ್ಲ, ಅದೇ ಇಲ್ಲಿ ಬಣ್ಣ ಬಳಿದುಕೊಂಡು ಎಸಳಿನ ಕೆಲಸ ಮಾಡುತ್ತದೆ. ಆ ಬಣ್ಣವೂ ಬೀಟ್‌ರೂಟ್‌ಗೆ ಬಣ್ಣ ಕೊಡುವ ಬೀಟಲೇನ್ ಗುಂಪಿನದೇ.

ತಳಿವಿಜ್ಞಾನದ ಚರಿತ್ರೆಯಲ್ಲೂ ಇದಕ್ಕೆ ಜಾಗವಿದೆ. ಮೆಂಡೆಲ್‌ನ ನಿಯಮಗಳನ್ನು 1900ರಲ್ಲಿ ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬರು ಜರ್ಮನಿಯ ಕಾರ್ಲ್ ಕಾರೆನ್ಸ್. ಇದರ ಕೆಂಪು ಹೂವಿನ ಗಿಡಕ್ಕೂ ಬಿಳಿ ಹೂವಿನ ಗಿಡಕ್ಕೂ ಸಂಕರ ಮಾಡಿದರೆ ಮೊದಲ ಪೀಳಿಗೆಯಲ್ಲಿ ಕೆಂಪೂ ಅಲ್ಲದ ಬಿಳಿಯೂ ಅಲ್ಲದ ಗುಲಾಬಿ ಬಣ್ಣ ಬರುತ್ತದೆ ಎಂದು ತೋರಿಸಿದವರು ಅವರು. 1909ರಲ್ಲಿ ಅವರು ಇನ್ನೊಂದು ಮಾತು ಹೇಳಿದರು: ಇದರ ಎಲೆಗಳ ಮೇಲಿನ ಬಿಳಿ ಮಚ್ಚೆ ತಂದೆ ಗಿಡದ ಪರಾಗದಿಂದ ಬರುವುದಿಲ್ಲ, ತಾಯಿ ಗಿಡದಿಂದ ಮಾತ್ರ ಬರುತ್ತದೆ. ಇದನ್ನು ಅಮ್ಮನಿಗೆ ಹೇಳಿದೆ. ‘ಅದಕ್ಕೆ ವಿಜ್ಞಾನಿ ಬೇಕಿತ್ತಾ? ನಮ್ಮ ಮನೇಗೆ ಗಿಡವೇ ತಾಯಿ ಕಡೆಯಿಂದ ಬಂದಿದ್ದು’ ಎಂದು ನಕ್ಕಳು.

ಈಗಿರುವ ಮನೆಯ ಮುಂದೆ ನಾಲ್ಕಡಿ ಅಗಲದ ಮಣ್ಣಿನ ಪಟ್ಟಿ ಇದೆ. ಸಂಜೆ ಮಲ್ಲಿಗೆ ಅಲ್ಲಿ ಬೇರೂರಿ ಮೂರು ವರ್ಷವಾಯಿತು. ಹೋದ ತಿಂಗಳು ಓನರ್ ಅಂಕಲ್ ಬಂದು, ‘ಅಮ್ಮಾ, ಗಾಡಿ ನಿಲ್ಸೋಕೆ ಜಾಗ ಸಾಲ್ತಿಲ್ಲ, ಇಲ್ಲಿ ಸಿಮೆಂಟ್ ಹಾಕಿಸ್ತೀನಿ’ ಎಂದರು. ಜಾಗ ಅವರದು, ಅವರ ಮಾತಿನಲ್ಲಿ ತಪ್ಪೂ ಇಲ್ಲ. ಅಮ್ಮ ಏನೂ ವಾದ ಮಾಡಲಿಲ್ಲ. ‘ಹಬ್ಬ ಮುಗೀಲಿ ಅಣ್ಣಾ, ಗೆಡ್ಡೆ ತಕ್ಕೊಂಡು ಕೊಡ್ತೀನಿ’ ಎಂದಳು. ಆವತ್ತಿನಿಂದ ಪ್ರತಿ ಸಂಜೆ ಗಿಡದ ಕೆಳಗೆ ಕೂತು ಉದುರಿದ ಬೀಜಗಳನ್ನು ಆರಿಸಿ ಡಬ್ಬಿಗೆ ಹಾಕುತ್ತಿದ್ದಾಳೆ. ಗೆಡ್ಡೆಗೆಂದು ಇಪ್ಪತ್ತು ಲೀಟರಿನ ಹಳೇ ಪೇಂಟ್ ಬಕೆಟ್ ಒಂದನ್ನು ನಾನು ತಂದಿಟ್ಟಿದ್ದೇನೆ. ತಳಕ್ಕೆ ಐದು ತೂತು ಕೊರೆದಾಗಿದೆ. ಟೆರೇಸಿನ ಮೆಟ್ಟಿಲ ಪಕ್ಕ ಜಾಗ ಕೊಡಲು ಅಂಕಲ್ ಒಪ್ಪಿದ್ದಾರೆ.

ಡಿಗ್ರಿ ಮುಗಿದು ಕೆಲಸ ಸಿಕ್ಕರೆ ಮುಂದಿನ ವರ್ಷ ನಾನು ಬೆಂಗಳೂರಿನ ಯಾವುದೋ ಪಿಜಿಯಲ್ಲಿರುತ್ತೇನೆ. ನಿಮ್ಮಲ್ಲೂ ಅನೇಕರು ಹೀಗೇ ಊರು ಬಿಡುವವರು, ಈಗಾಗಲೇ ಬಿಟ್ಟವರು. ಕಿಟಕಿಯಲ್ಲಿ ನಾಲ್ಕೈದು ಗಂಟೆ ಬಿಸಿಲು ಬಿದ್ದರೆ ಸಾಕು, ಇದನ್ನು ಬೆಳೆಸಬಹುದು. ಕಾಳುಮೆಣಸಿನಂತೆ ಕಾಣುವ ಬೀಜವನ್ನು ಒಂದು ರಾತ್ರಿ ನೆನೆಸಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಿ. ಒಂದೆರಡು ವಾರದಲ್ಲಿ ಮೊಳಕೆ, ಎರಡು ಮೂರು ತಿಂಗಳಲ್ಲಿ ಹೂ. ಗೆಡ್ಡೆ ಇಳಿಯಬೇಕಾದ್ದರಿಂದ ಅಡಿ ಆಳದ ಕುಂಡವೇ ಬೇಕು. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಮಣ್ಣಿನ ಮೇಲ್ಭಾಗ ಒಣಗಿದ ಮೇಲೆ ಹಾಕಿದರೆ ಸಾಕು. ಗೊಬ್ಬರ ಹೆಚ್ಚಾದರೆ ಬರೀ ಎಲೆ ಬರುತ್ತದೆ.

ಎರಡು ಎಚ್ಚರಿಕೆ. ಬೀಜ, ಬೇರು ಎರಡೂ ವಿಷಕಾರಿ, ಪುಟ್ಟ ಮಕ್ಕಳಿರುವ ಮನೆಯಲ್ಲಿ ಉದುರಿದ ಬೀಜ ಗುಡಿಸಿ ತೆಗೆಯಿರಿ. ನೆಲದಲ್ಲಿ ನೆಟ್ಟರೆ ಬಿದ್ದ ಬೀಜಗಳೆಲ್ಲ ಮೊಳೆತು ಪಕ್ಕದ ಗಿಡಗಳ ಜಾಗವನ್ನೂ ಹಿಡಿಯುತ್ತದೆ, ಬೇಡದ ಸಸಿಗಳನ್ನು ಚಿಕ್ಕದಿರುವಾಗಲೇ ಕೀಳಬೇಕು.

ಬೀಜಕ್ಕಾಗಿ ನರ್ಸರಿಗೆ ಹೋಗಬೇಕಿಲ್ಲ, ಆನ್‌ಲೈನ್ ಆರ್ಡರ್ ಕೂಡ ಬೇಡ. ಸಂಜೆ ಐದೂವರೆಯ ಹೊತ್ತಿಗೆ ಹಳೇ ಮನೆಗಳಿರುವ ಬೀದಿಯಲ್ಲಿ ಒಮ್ಮೆ ನಡೆದು ಬನ್ನಿ. ಗೇಟಿನ ಪಕ್ಕವೋ ಚರಂಡಿಯ ಅಂಚಿನಲ್ಲೋ ಕಡು ಗುಲಾಬಿ, ಹಳದಿ ಹೂಗಳ ಪೊದೆ ಕಾಣುತ್ತದೆ. ಮನೆಯವರನ್ನು ಕೇಳಿ. ಒಂದು ಮುಷ್ಟಿ ಕೊಡುತ್ತಾರೆ, ಜೊತೆಗೆ ಅದು ಯಾರ ಮನೆಯಿಂದ ಬಂತು ಎಂಬುದನ್ನೂ ಹೇಳುತ್ತಾರೆ.