ನಿಂತಲ್ಲೇ ಸವೆಯುವ ತುರ್ತು ವಾಹನಗಳು

2024ರ ಮಾರ್ಚ್ 11, ಸೋಮವಾರ. ಒಣಮೆಣಸಿನಕಾಯಿಯ ದರ ಹಠಾತ್ತನೆ ಕುಸಿದುದರಿಂದ ಕೆರಳಿದ ರೈತರ ಗುಂಪು ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ಕಲ್ಲು ತೂರಿ, ಆವರಣದಲ್ಲಿದ್ದ ವಾಹನಗಳಿಗೆ ಬೆಂಕಿಯಿಟ್ಟಿತು. ಅಂದು ಅಗ್ನಿಶಾಮಕ ವಾಹನವೂ ಬೆಂಕಿಗೆ ಆಹುತಿಯಾಯಿತು. ದರ ಕುಸಿತದ ಕಾರಣಗಳು, ರೈತರ ಅಳಲಿನ ನ್ಯಾಯಾನ್ಯಾಯಗಳು ಪ್ರತ್ಯೇಕ ಲೇಖನಕ್ಕೆ ಯೋಗ್ಯವಾದ ವಿಷಯಗಳು. ಇಲ್ಲಿ ಪ್ರಸ್ತುತವಾದುದು ಆ ವಾಹನ. ನಡುಬೀದಿಯಲ್ಲಿ ಸುಟ್ಟ ವಾಹನ ಎಲ್ಲರ ಕಣ್ಣಿಗೂ ಬಿತ್ತು. ಯಾವ ಗಲಭೆಯೂ ಇಲ್ಲದೆ, ಶೆಡ್ಡಿನಲ್ಲಿ ನಿಂತಲ್ಲೇ ಕೆಲಸಕ್ಕೆ ಬಾರದಂತಾಗುವ ವಾಹನ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅಗತ್ಯ ಬಿದ್ದ ದಿನವೇ ಅದು ಗೊತ್ತಾಗುತ್ತದೆ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರೂ ಊರುಗಳ ವ್ಯಾಪಾರಕ್ಕೆ ಈ ವಿಷಯ ಬಹಳ ಹತ್ತಿರದ್ದು. ಬ್ಯಾಡಗಿಯ ಶೈತ್ಯಾಗಾರಗಳಲ್ಲಿ ಲಕ್ಷಾಂತರ ಚೀಲ ಮೆಣಸಿನಕಾಯಿ ದಾಸ್ತಾನಿರುತ್ತದೆ. ರಾಣೇಬೆನ್ನೂರಿನಲ್ಲಿ ಹತ್ತಿ, ಬಿತ್ತನೆ ಬೀಜಗಳ ವಹಿವಾಟಿದೆ. ಹಾವೇರಿ ಮತ್ತು ರಾಣೇಬೆನ್ನೂರು 48ನೇ ರಾಷ್ಟ್ರೀಯ ಹೆದ್ದಾರಿಯ ಮೇಲಿದ್ದು, ಮೋಟೆಬೆನ್ನೂರಿನಿಂದ ಒಳಕ್ಕೆ ತಿರುಗಿದರೆ ಬ್ಯಾಡಗಿ. 2023ರ ಆಗಸ್ಟ್ 29ರಂದು ಹಾವೇರಿ ಸಮೀಪದ ಆಲದಕಟ್ಟಿಯ ಪಟಾಕಿ ಗೋದಾಮಿನಲ್ಲಿ ಬೆಂಕಿ ಹೊತ್ತಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಯಾತ್ರಿಕರ ಟೆಂಪೊ ಟ್ರಾವೆಲರ್ ಡಿಕ್ಕಿ ಹೊಡೆದು 13 ಮಂದಿ ಮೃತಪಟ್ಟರು. ಒಂದು ವರ್ಷದೊಳಗೆ ಒಂದೇ ಜಿಲ್ಲೆಯಲ್ಲಿ ಗೋದಾಮಿನ ಬೆಂಕಿ, ಪೇಟೆಯ ಗಲಭೆ, ಹೆದ್ದಾರಿಯ ಅಪಘಾತ, ಹೀಗೆ ಮೂರು ಬಗೆಯ ಆಪತ್ತುಗಳು. ಮೂರಕ್ಕೂ ಓಡಿಬರಬೇಕಾದವು ಪೊಲೀಸ್, ಅಗ್ನಿಶಾಮಕ ಮತ್ತು ಆಂಬುಲೆನ್ಸ್ ವಾಹನಗಳೇ.

ವರ್ತಕರಿಗೆ ಲಾರಿಯ ಲೆಕ್ಕ ಚೆನ್ನಾಗಿ ಗೊತ್ತು. ಓಡಿದಷ್ಟು ಕಿಲೋಮೀಟರಿಗೆ ಡೀಸೆಲು, ಇಷ್ಟು ಸಾವಿರ ಕಿಲೋಮೀಟರಿಗೊಮ್ಮೆ ಎಂಜಿನ್ ಎಣ್ಣೆ, ಟಯರು ಸವೆದಾಗ ಬದಲಾವಣೆ. ಈ ಲೆಕ್ಕವನ್ನೇ ತುರ್ತು ವಾಹನಕ್ಕೆ ಹಚ್ಚಿದರೆ ತಪ್ಪಾಗುತ್ತದೆ. ಉದಾಹರಣೆಗೆ, ಒಂದು ಅಗ್ನಿಶಾಮಕ ವಾಹನವು ವರ್ಷಕ್ಕೆ 150 ಕರೆಗಳಿಗೆ ಹೋಗಿ, ಪ್ರತಿ ಕರೆಗೆ ಎರಡು ಗಂಟೆ ಹೊರಗಿತ್ತೆಂದು ಭಾವಿಸೋಣ. ವರ್ಷದ 8,760 ಗಂಟೆಗಳಲ್ಲಿ ಅದು ದುಡಿದದ್ದು 300 ಗಂಟೆ. ಉಳಿದ 8,460 ಗಂಟೆ ನಿಂತೇ ಇತ್ತು. ಕಿಲೋಮೀಟರ್ ಮುಳ್ಳು ನೋಡಿದವರಿಗೆ ವಾಹನ ಹೊಸದರಂತೆಯೇ ಕಾಣುತ್ತದೆ. ಆದರೆ ನಿಂತ ಅಷ್ಟೂ ಗಂಟೆ ಅದು ಸವೆಯುತ್ತಲೇ ಇರುತ್ತದೆ.

ಸವೆತ ಹೇಗೆಂಬುದನ್ನು ವಿವರವಾಗಿ ನೋಡಬೇಕು. ಸರಕು ಲಾರಿ ಹೇರು ಇಳಿಸಿ ಬರಿದಾಗಿ ನಿಲ್ಲುತ್ತದೆ. ಅಗ್ನಿಶಾಮಕ ವಾಹನಕ್ಕೆ ಆ ಬಿಡುವಿಲ್ಲ. 4,500 ಲೀಟರಿನ ಟ್ಯಾಂಕಿದ್ದರೆ ನಾಲ್ಕೂವರೆ ಟನ್ ನೀರನ್ನು ಹಗಲು ರಾತ್ರಿ ಹೊತ್ತೇ ನಿಂತಿರುತ್ತದೆ. ಟಯರಿನ ಒಂದೇ ಭಾಗ ನೆಲಕ್ಕೊತ್ತಿ ಚಪ್ಪಟೆಯಾಗುತ್ತದೆ, ಪಾಟಾಗಳು ಬಾಗುತ್ತವೆ. ಟಯರಿನ ಕಚ್ಚು ಹೊಸದರಂತೆ ಆಳವಾಗಿದ್ದರೂ ರಬ್ಬರು ವಯಸ್ಸಿನಿಂದಲೇ ಬಿರುಸಾಗಿ ಒಡಕು ಬಿಡುತ್ತದೆ. ಟಯರಿನ ಪಕ್ಕದ ಮೇಲೆ ಅಚ್ಚಾಗಿರುವ ನಾಲ್ಕಂಕಿಗಳನ್ನು ಓದಬೇಕು: 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಟ್ಯಾಂಕು ಅರ್ಧ ಖಾಲಿಯಾದಾಗ ಅಪಾಯ ಇನ್ನೂ ಹೆಚ್ಚು. ತಿರುವಿನಲ್ಲಿ ನೀರು ಒಂದು ಬದಿಗೆ ನುಗ್ಗಿ ವಾಹನವನ್ನೇ ವಾಲಿಸುತ್ತದೆ. ಅದನ್ನು ತಡೆಯಲು ಟ್ಯಾಂಕಿನೊಳಗೆ ಅಡ್ಡ ತಗಡುಗಳಿರುತ್ತವೆ. ಅವು ತುಕ್ಕು ಹಿಡಿದು ಕಳಚಿದ್ದರೆ ಹೊರಗಿನಿಂದ ತಿಳಿಯುವುದೇ ಇಲ್ಲ.

ಬ್ರೇಕಿನ ಕಥೆಯೂ ಇಂಥದ್ದೇ. ದೊಡ್ಡ ವಾಹನಗಳ ಏರ್ ಬ್ರೇಕಿನ ಗಾಳಿ ನಿಂತಾಗ ಸಣ್ಣ ಸೋರಿಕೆಗಳಿಂದ ಇಳಿಯುತ್ತದೆ. ಕರೆ ಬಂದಾಗ ಎಂಜಿನ್ ಚಾಲೂ ಮಾಡಿ, ಒತ್ತಡ ಏರುವವರೆಗೆ ಕಾಯದೆ ವಾಹನ ಹೊರಡಿಸುವಂತಿಲ್ಲ. ಸೋರಿಕೆ ಸರಿಪಡಿಸಿದ್ದರೆ ಆ ಕಾಯುವಿಕೆ ಕ್ಷಣಮಾತ್ರ. ಇಲ್ಲವಾದರೆ ಬೆಂಕಿ ಹಬ್ಬುವ ನಿಮಿಷಗಳೆಲ್ಲ ಶೆಡ್ಡಿನಲ್ಲೇ ಕಳೆಯುತ್ತವೆ. ಗಾಳಿಯ ಟ್ಯಾಂಕಿನಲ್ಲಿ ಕೂಡುವ ನೀರನ್ನು ನಿತ್ಯ ಬಸಿಯುವುದು ಒಂದು ನಿಮಿಷದ ಕೆಲಸ.

ಪಂಪು ಓಡುವುದು ವಾಹನದ ಎಂಜಿನ್ನಿನ ಶಕ್ತಿಯಿಂದಲೇ. ಬೆಂಕಿಯ ಸ್ಥಳದಲ್ಲಿ ವಾಹನ ಒಂದಿಂಚೂ ಚಲಿಸದೆ ಗಂಟೆಗಟ್ಟಲೆ ಎಂಜಿನ್ ದುಡಿಯುತ್ತದೆ. ಲಾಗ್‌ಬುಕ್ಕಿನಲ್ಲಿ ಕಿಲೋಮೀಟರ್ ಮಾತ್ರ ಬರೆಯುತ್ತಿದ್ದರೆ ಆ ದುಡಿಮೆಗೆ ದಾಖಲೆಯೇ ಇಲ್ಲ. ಆದ್ದರಿಂದ ಎಂಜಿನ್ ಗಂಟೆ ಮತ್ತು ಪಂಪಿನ ಗಂಟೆಗಳನ್ನು ಪ್ರತ್ಯೇಕ ಕಲಮಿನಲ್ಲಿ ನಮೂದಿಸುವುದು ಅಗತ್ಯ. ಇದಕ್ಕೆ ವಿರುದ್ಧವಾಗಿ, ತಿಂಗಳುಗಟ್ಟಲೆ ಓಡದ ಪಂಪಿನ ಗ್ಲ್ಯಾಂಡ್ ಪ್ಯಾಕಿಂಗ್ ಒಣಗಿ ಗಾಳಿ ಎಳೆಯತೊಡಗುತ್ತದೆ. ಗಾಳಿ ಎಳೆಯುವ ಪಂಪು ಕೆರೆಯಿಂದ ನೀರೆತ್ತಲಾರದು. ಸುಸ್ಥಿತಿಯ ಪಂಪೇ ಸುಮಾರು ಏಳು ಮೀಟರಿಗಿಂತ ಆಳದಿಂದ ನೀರು ಎಳೆಯಲಾಗದು. ಇದು ವಾಯುಭಾರದ ಮಿತಿಯಾದುದರಿಂದ ಎಷ್ಟು ದೊಡ್ಡ ಎಂಜಿನ್ ಹಾಕಿದರೂ ಬದಲಾಗದು. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ವಾಹನ ನಿಲ್ಲಿಸುವ ಜಾಗದಿಂದ ನೀರಿನ ಮಟ್ಟ ಎಷ್ಟು ಕೆಳಗಿದೆಯೆಂಬುದನ್ನು ಮೊದಲೇ ಅಳೆದಿಡಬೇಕಾದುದು ಇದಕ್ಕಾಗಿ. ಮೆಣಸಿನಕಾಯಿಯ ಹಂಗಾಮು ಮುಗಿಯುವುದೂ ಬೇಸಿಗೆಯಲ್ಲಿಯೇ.

ಹೋಸ್ ಪೈಪುಗಳನ್ನು ಹಸಿಯಾಗಿಯೇ ಸುತ್ತಿಟ್ಟರೆ ಮಡಿಕೆಯಲ್ಲಿ ಕೊಳೆತು, ಒತ್ತಡ ಬಿದ್ದಾಗ ಅಲ್ಲಿಯೇ ಸೀಳುತ್ತವೆ. ತೊಳೆದು, ತೂಗುಹಾಕಿ, ಒಣಗಿಸಿ, ಮಡಿಕೆಯ ಜಾಗ ಬದಲಿಸಿ ಇಡುವುದು ಹಳೆಯ ಪದ್ಧತಿ. ಅದಕ್ಕೆ ಬದಲಿಯಾದ ಯಂತ್ರವೇನೂ ಬೇಕಿಲ್ಲ. ಉಸಿರಾಟದ ಸಾಧನಗಳ ವಿಷಯದಲ್ಲಿ ಬ್ಯಾಡಗಿ ವಿಶೇಷ ಗಮನ ಕೊಡಬೇಕು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆಯೆಂಬ ಖ್ಯಾತಿಯಿದ್ದರೂ ಅದು ಸುಡುವ ಹೊಗೆಯಲ್ಲಿ ಬರಿಗಣ್ಣಿನಿಂದ ನಿಲ್ಲುವುದು ಯಾರಿಗೂ ಸಾಧ್ಯವಿಲ್ಲ. ಆರು ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡದ ಗಾಳಿಯಿದ್ದರೆ ಸುಮಾರು 1,800 ಲೀಟರ್. ನಿಮಿಷಕ್ಕೆ 40 ಲೀಟರಿನಂತೆ 45 ನಿಮಿಷದ ಉಸಿರು. ಸಿಲಿಂಡರು ಸೋರಿ 200 ಬಾರಿಗೆ ಇಳಿದಿದ್ದರೆ ಅದೇ ಲೆಕ್ಕ 30 ನಿಮಿಷಕ್ಕೆ ಇಳಿಯುತ್ತದೆ. ಒಳಗೆ ಹೋದ ಸಿಬ್ಬಂದಿಯ ಜೀವ ಈ ವ್ಯತ್ಯಾಸದ ಮೇಲೆ ನಿಂತಿರುತ್ತದೆ. ಹತ್ತಿ ಅಂಡಿಗೆಗಳ ಬೆಂಕಿಯಲ್ಲಂತೂ ಮೇಲೆ ಆರಿದಂತೆ ಕಂಡರೂ ಒಳಗೆ ಹೊಗೆಯಾಡುತ್ತಲೇ ಇರುವುದರಿಂದ ಸಿಬ್ಬಂದಿ ಹೆಚ್ಚು ಹೊತ್ತು ಇರಬೇಕಾಗುತ್ತದೆ.

ಪೊಲೀಸ್ ವಾಹನಗಳಲ್ಲಿ ಮೊದಲು ಸೋಲುವುದು ಬ್ಯಾಟರಿ. ಹೆದ್ದಾರಿ ಬದಿಯಲ್ಲಿ ಎಂಜಿನ್ ಆರಿಸಿ ನಿಂತಾಗಲೂ ವಯರ್‌ಲೆಸ್ ಸೆಟ್ಟು, ಮೇಲಿನ ದೀಪ, ಮೊಬೈಲ್ ಚಾರ್ಜರು ಎಲ್ಲವೂ ಅದನ್ನೇ ಹೀರುತ್ತವೆ. ಪೂರ್ಣ ಚಾರ್ಜಾದ 12 ವೋಲ್ಟಿನ ಬ್ಯಾಟರಿ ವಿರಾಮದಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2 ತೋರಿಸಿದರೆ ಅರ್ಧದಷ್ಟು ಮಾತ್ರ ಉಳಿದಿದೆ ಎಂದರ್ಥ. ಕೆಲವು ನೂರು ರೂಪಾಯಿಯ ಮೀಟರಿನಿಂದ ತಿಳಿಯಬಹುದಾದ ಸಂಗತಿಯನ್ನು ತಿಳಿಯದೆ, ತಳ್ಳಿ ಚಾಲೂ ಮಾಡುವ ಪೊಲೀಸ್ ಜೀಪನ್ನು ಹಿಂದೆ ನೋಡದವರು ವಿರಳ. ಬಂದೋಬಸ್ತಿಗೆಂದು ಇಟ್ಟ ವ್ಯಾನುಗಳದು ಇನ್ನೊಂದು ಸಮಸ್ಯೆ. ಅವುಗಳ ಕಿಟಕಿಗಳಿಗೆ ಕಲ್ಲೇಟು ತಡೆಯುವ ಕಬ್ಬಿಣದ ಜಾಲರಿಯಿರುತ್ತದೆ. ತಿಂಗಳುಗಟ್ಟಲೆ ನಿಂತ ವ್ಯಾನಿನ ಜಾಲರಿಯ ಕೀಲು, ತುರ್ತು ಬಾಗಿಲಿನ ಚಿಲಕ ತುಕ್ಕು ಹಿಡಿದಿದ್ದರೆ, ಹೊರಗಿನಿಂದ ಬೆಂಕಿ ಬಿದ್ದಾಗ ರಕ್ಷಣೆಯ ಜಾಲರಿಯೇ ಪಂಜರವಾಗುತ್ತದೆ. ಮಾರ್ಚ್ 2024ರ ಘಟನೆಯನ್ನು ಕಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪಘಾತದ ವಾಹನದಲ್ಲಿ ಸಿಲುಕಿದವರನ್ನು ಬಿಡಿಸುವ ಹೈಡ್ರಾಲಿಕ್ ಕತ್ತರಿಗೆ ಪುಟ್ಟ ಪೆಟ್ರೋಲ್ ಎಂಜಿನ್ ಇರುತ್ತದೆ. ತಿಂಗಳಾನುಗಟ್ಟಲೆ ಹಳತಾದ ಪೆಟ್ರೋಲು ಕಾರ್ಬುರೇಟರಿನಲ್ಲಿ ಅಂಟಾಗಿ ಕೂಡುತ್ತದೆ. ವಾರಕ್ಕೊಮ್ಮೆ ಚಾಲೂ ಮಾಡಿ ನೋಡಿದರೆ ಸಾಕು.

ಆಂಬುಲೆನ್ಸಿನ ವಿಷಯ ವರ್ತಕರ ಮನೆಬಾಗಿಲಿನದು. ಕರ್ನಾಟಕದಲ್ಲಿ 108 ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಅದರ ಹೊರತಾಗಿ ಸಂಘ, ಟ್ರಸ್ಟು, ಸಹಕಾರಿ ಸಂಸ್ಥೆಗಳು ದಾನವಾಗಿ ಕೊಟ್ಟ ಆಂಬುಲೆನ್ಸ್‌ಗಳು ಊರೂರಿನಲ್ಲಿವೆ. ಹಸ್ತಾಂತರದ ದಿನದ ಹಾರ, ಛಾಯಾಚಿತ್ರ ಎಲ್ಲ ಸರಿಯೇ. ಐದನೆಯ ವರ್ಷದಲ್ಲಿ ಆಮ್ಲಜನಕದ ಸಿಲಿಂಡರನ್ನು ನೀರಿನ ಒತ್ತಡದ ಪರೀಕ್ಷೆಗೆ ಕಳುಹಿಸುವವರು ಯಾರು? ಪರೀಕ್ಷೆಯ ದಿನಾಂಕ ಸಿಲಿಂಡರಿನ ಕೊರಳ ಬಳಿ ಕೆತ್ತಿರುತ್ತದೆ. ಅದರ ವಾಲ್ವಿಗೆ ಎಣ್ಣೆ, ಗ್ರೀಸು ಹಚ್ಚಬಾರದು. ಒತ್ತಡದ ಆಮ್ಲಜನಕದೊಡನೆ ಜಿಡ್ಡು ಸೇರಿದರೆ ತಾನೇ ಹೊತ್ತಿಕೊಳ್ಳುತ್ತದೆ. ಬಿಗಿಯಾದ ವಾಲ್ವಿಗೆ ಎರಡು ಹನಿ ಎಣ್ಣೆ ಬಿಡುವುದು ಗ್ಯಾರೇಜಿನವರ ಅಭ್ಯಾಸವಾದುದರಿಂದ ಚಾಲಕರಿಗೆ ಇದನ್ನು ಸ್ಪಷ್ಟವಾಗಿ ತಿಳಿಸಬೇಕು.

ಕಾನೂನಿನಲ್ಲಿ ಸಾಮಾನ್ಯವಾಗಿ ಆಗುವ ಒಂದು ತಪ್ಪುಕಲ್ಪನೆಯಿದೆ. ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಂತೆ ಕೇವಲ ಪೊಲೀಸ್, ಅಗ್ನಿಶಾಮಕ ಅಥವಾ ಆಂಬುಲೆನ್ಸ್ ಕಾರ್ಯಕ್ಕೆ ಬಳಸುವ ವಾಹನಕ್ಕೆ ಪರವಾನಗಿ, ಅಂದರೆ ಪರ್ಮಿಟ್ ಬೇಕಿಲ್ಲ. ಪರ್ಮಿಟ್ ಬೇಡವೆಂದರೆ ಸುಸ್ಥಿತಿ ಪ್ರಮಾಣಪತ್ರವೂ ಬೇಡವೆಂದು ಕೆಲವು ಸಂಸ್ಥೆಗಳವರು ತಿಳಿದಿರುತ್ತಾರೆ. ಅದು ಸರಿಯಲ್ಲ; ಆಂಬುಲೆನ್ಸಿಗೆ ಪ್ರಮಾಣಪತ್ರ ಬೇಕೇ ಬೇಕು. ಇನ್ನು ಸರ್ಕಾರಿ ವಾಹನಗಳಿಗೆ 15 ವರ್ಷದ ಮಿತಿಯನ್ನು ವಿಧಿಸುವ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ದೇಶರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗೆ ಅದರಲ್ಲಿ ವಿನಾಯಿತಿಯಿತ್ತು. ಅಗ್ನಿಶಾಮಕ ವಾಹನದ ಹೆಸರು ಆ ವಿನಾಯಿತಿಯಲ್ಲಿ ಇರಲಿಲ್ಲ. ಹೀಗಾಗಿ ಕಡಿಮೆ ಓಡಿದ, ಚೆನ್ನಾಗಿ ಕಾಪಾಡಿದ ವಾಹನವೂ ವಯಸ್ಸಿನ ಕಾರಣಕ್ಕೇ ಹೊರಹೋಗಬೇಕಾಗುತ್ತದೆ. ಬದಲಿ ವಾಹನದ ಹಣ ಅದೇ ವರ್ಷ ಸಿದ್ಧವಿರಬೇಕು.

ಹಣ ಏಕೆ ಸಿದ್ಧವಿರುವುದಿಲ್ಲ ಎಂಬುದಕ್ಕೆ ಉತ್ತರ ಲೆಕ್ಕಪತ್ರದಲ್ಲಿಯೇ ಇದೆ. ಸರ್ಕಾರದ ಲೆಕ್ಕ ನಗದು ಪದ್ಧತಿಯದು. ವಾಹನ ಕೊಂಡ ವರ್ಷ ಪೂರ್ಣ ವೆಚ್ಚ ಬರೆಯಲಾಗುತ್ತದೆ, ಅನಂತರ ಸವಕಳಿಯೆಂಬ ನಮೂದೇ ಇಲ್ಲ. ಖಾಸಗಿ ಸಂಸ್ಥೆಯೊಂದು ಪ್ರತಿವರ್ಷ ಸವಕಳಿ ಬರೆಯುವಾಗ, ಆಸ್ತಿ ಕರಗುತ್ತಿದೆಯೆಂಬ ಎಚ್ಚರಿಕೆ ಮಾಲೀಕನಿಗೆ ತಾನಾಗಿ ದೊರೆಯುತ್ತದೆ. ಧರ್ಮಾದಾಯ ಟ್ರಸ್ಟುಗಳ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಆಂಬುಲೆನ್ಸಿನ ಬೆಲೆಯನ್ನು ಆದಾಯದ ವಿನಿಯೋಗವೆಂದು ತೋರಿಸಿದ ಮೇಲೆ ಅದೇ ಆಸ್ತಿಯ ಮೇಲೆ ಪುನಃ ಸವಕಳಿ ಕಳೆಯುವಂತಿಲ್ಲವೆಂದು 2014ರ ಹಣಕಾಸು ಕಾಯ್ದೆ ಸ್ಪಷ್ಟಪಡಿಸಿತು. ತೆರಿಗೆಯ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ತೆರಿಗೆಗೆ ಬೇಡವೆಂದು ಪುಸ್ತಕದಿಂದಲೂ ಸವಕಳಿಯನ್ನು ಕೈಬಿಟ್ಟ ಟ್ರಸ್ಟಿಗೆ ಹತ್ತು ವರ್ಷದ ಹಳೆಯ ಆಂಬುಲೆನ್ಸು ಇನ್ನೂ ಕೊಂಡ ಬೆಲೆಯಲ್ಲೇ ಕಾಣಿಸುತ್ತಿರುತ್ತದೆ. ತೆರಿಗೆಯ ಲೆಕ್ಕ ಏನೇ ಇರಲಿ, ಆಡಳಿತ ಮಂಡಳಿ ಠರಾವು ಮಾಡಿ, ಬ್ಯಾಟರಿ, ಟಯರು, ಸಿಲಿಂಡರು ಪರೀಕ್ಷೆಗಳಿಗಾಗಿ ಪ್ರತ್ಯೇಕ ದುರಸ್ತಿ ನಿಧಿಗೆ ವರ್ಷವರ್ಷವೂ ಹಣ ತೆಗೆದಿಡುವುದಕ್ಕೆ ಅಡ್ಡಿಯೇನಿಲ್ಲ. ಆಂಬುಲೆನ್ಸು ದಾನ ಕೊಡುವವರು ಮೊದಲ ಐದು ವರ್ಷದ ನಿರ್ವಹಣೆಯನ್ನೂ ಸೇರಿಸಿ ಕೊಟ್ಟರೆ ದಾನಕ್ಕೆ ಅರ್ಥ ಹೆಚ್ಚು.

ಇಲಾಖೆಯ ವಾಹನಗಳನ್ನು ವರ್ತಕರು ದುರಸ್ತಿ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಆದರೆ ಬಂದ ವಾಹನ ಕೆಲಸ ಮಾಡುವಂತೆ ಆವರಣವನ್ನು ಇಟ್ಟುಕೊಳ್ಳುವುದು ಅವರ ಕೈಯಲ್ಲಿದೆ. ಅಗ್ನಿಶಾಮಕ ದಳದ ಹೋಸು ಜೋಡಿಸುವುದು 63 ಮಿಲಿಮೀಟರಿನ ಇನ್‌ಸ್ಟಂಟೇನಿಯಸ್ ಕಪ್ಲಿಂಗಿಗೆ. ಶೈತ್ಯಾಗಾರದ ಹೈಡ್ರಂಟಿಗೆ ಯಾವುದೋ ಅಗ್ಗದ ತಿರುಪಿನ ಬಾಯಿ ಕೂಡಿಸಿದ್ದರೆ ಟ್ಯಾಂಕಿನ ತುಂಬ ನೀರಿದ್ದೂ ಪ್ರಯೋಜನವಿಲ್ಲ. 4,500 ಲೀಟರು ಪೂರ್ಣ ರಭಸದ ಪಂಪಿಗೆ ಕೆಲವೇ ನಿಮಿಷದ ನೀರು. ಮರಳಿ ತುಂಬಿಕೊಳ್ಳುವ ತಾಣ ಆವರಣದಲ್ಲೇ ಇರಬೇಕು. ಹಂಗಾಮಿನ ಸೋಮವಾರ, ಗುರುವಾರಗಳಂದು ಚೀಲ ತುಂಬಿದ ವಾಹನಗಳು ಎರಡೂ ಬದಿಗೆ ನಿಂತು ಪೇಟೆಯ ರಸ್ತೆಗಳಲ್ಲಿ ಸೈಕಲ್ಲೂ ಸಾಗದ ಸ್ಥಿತಿ ಇರುತ್ತದೆ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 2019ರ ತಿದ್ದುಪಡಿಯಂತೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಶಿಕ್ಷೆ ಅಥವಾ ಎರಡೂ ಇವೆ. ಆದರೆ ಕಿಕ್ಕಿರಿದ ದಾರಿಯಲ್ಲಿ ಹಮಾಲರು, ರೈತರು ಬಯಸಿದರೂ ಸರಿಯಲು ಜಾಗವಿರುವುದಿಲ್ಲ.

ಡಿಸೆಂಬರಿನಲ್ಲಿ ಆವಕ ಏರುವ ಮೊದಲು ಪ್ರತಿ ಶೈತ್ಯಾಗಾರದವರೂ ಸಮೀಪದ ಅಗ್ನಿಶಾಮಕ ಠಾಣೆಗೆ ಪತ್ರ ಬರೆದು, ವಾಹನವನ್ನು ಒಮ್ಮೆ ತಮ್ಮ ಗೇಟಿನೊಳಗೆ ತರಲು ವಿನಂತಿಸಿಕೊಳ್ಳಬಹುದು. ಗೇಟಿನಲ್ಲಿ ವಾಹನ ತಿರುಗುತ್ತದೆಯೇ, ಮೇಲಿನ ವಿದ್ಯುತ್ ತಂತಿ ತಾಗುತ್ತದೆಯೇ, ಹೋಸು ಹೈಡ್ರಂಟಿಗೆ ಕೂಡುತ್ತದೆಯೇ ಎಂದು ಜೋಡಿಸಿಯೇ ನೋಡಬೇಕು. ಅಂದೇ ಠಾಣೆಯವರ ಪಂಪೂ ಓಡಿದಂತಾಗುತ್ತದೆ.