ಸುಳ್ಳು ಹೇಳದ ತೆಂಗಿನಕಾಯಿ

ಕೈಲ್ ಪೊಳ್ದ್‌ಗೆ ವಾರವಿರುವಾಗ ಕೊಡಗಿನ ಮಾದಾಪುರದ ಅಂಗಡಿಯಲ್ಲಿ ನಾನು ತೆಂಗಿನಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸುತ್ತ ನಿಲ್ಲುತ್ತೇನೆ. ಪೂಜೆಗೆ ಕೊಳ್ಳುವವರೂ ಹಾಗೇ ಮಾಡುತ್ತಾರೆ, ನನ್ನ ಕಾರಣ ಬೇರೆ. ಕಾಯಿಯೊಳಗೆ ನೀರಿದ್ದರೆ ಈಡು ತಾಗಿದ್ದು ದೂರ ನಿಂತವರಿಗೂ ಕಾಣುತ್ತದೆ. ಆಮೇಲೆ ಜಗಳವಿಲ್ಲ.

ಸೆಪ್ಟೆಂಬರ್ 3ರ ಆಸುಪಾಸು, ಗದ್ದೆ ನಾಟಿ ಮುಗಿಸಿ ಆಯುಧಗಳಿಗೆ ಪೂಜೆ ಮಾಡುವ ಹಬ್ಬವಿದು. ಕೋವಿಗೆ ತೋಕ್ ಪೂ ಸಿಕ್ಕಿಸಿ, ಕಡಂಬಿಟ್ಟು, ಪಂದಿಕರಿ ಉಂಡು, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತೇವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಹಾಗಂತ ಕಾಡುಪ್ರಾಣಿಯ ಮೇಲೆ ಗುರಿಯಿಡುವ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ನಮಗೂ ಒಂದೇ. ಉಳಿದದ್ದು ಆಟದ ಗುರಿ.

ಈ ಗುರಿ ಆರಿಸುವ ಕೆಲಸವನ್ನು ನನಗೆ ಕಲಿಸಿದವರು ನಮ್ಮ ಮಾವ. ಮದುವೆಯಾಗಿ ಬಂದ ವರ್ಷ ಅವರು ಜೋಡು ನಳಿಕೆಯ 12 ಬೋರ್ ಕೋವಿಯನ್ನು ನನ್ನ ಕೈಗಿಟ್ಟಾಗ, ಅತ್ತೆ ಒಳಗಿನಿಂದ ಕೂಗಿದ್ದು ಒಂದೇ ಮಾತು: “ಎರಡು ಈಡು ಒಟ್ಟಿಗೆ ಬೇಡ!” ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು.

12 ಬೋರ್ ಎಂದರೆ ನಳಿಕೆಗೆ ಸರಿಯಾಗಿ ಕೂರುವ ಸೀಸದ ಉಂಡೆ ಹನ್ನೆರಡು ಸೇರಿ ಒಂದು ಪೌಂಡ್ ತೂಗುತ್ತದೆ ಎಂದು ಲೆಕ್ಕ. ಬಾಯಿಯ ಅಗಲ ಸುಮಾರು 18.5 ಮಿ.ಮೀ. ಆದರೆ ಚರೆಯ ತೋಟಾದಲ್ಲಿ ಹೋಗುವುದು ಒಂದು ಉಂಡೆಯಲ್ಲ, ನೂರಾರು ಸಣ್ಣ ಚರೆ. ಒಂದು ಗಜ ದೂರಕ್ಕೆ ಒಂದು ಇಂಚು ಅಗಲ ಎಂಬುದು ಒರಟು ಲೆಕ್ಕ. 25 ಗಜ ಮುಟ್ಟುವಾಗ ಅದು ಮೊರಕ್ಕಿಂತ ಅಗಲ ಹರಡಿರುತ್ತದೆ. ಹಾಗಾಗಿ ಈ ಕೋವಿ ಹೊಡೆಯುವವರನ್ನು ಸುಮ್ಮಸುಮ್ಮನೆ ಹೊಗಳುತ್ತದೆ.

ಬಲೂನು ಅದರ ಹೊಗಳುಭಟ್ಟ. ನಿಮ್ಮ ಗುರಿ ಒಂದಡಿ ಆಚೆ ಹೋಗಿದ್ದರೂ ಅಂಚಿನ ಒಂದು ಚರೆ ತಾಗಿದರೆ ‘ಢಬ್’ ಎನ್ನುತ್ತದೆ. ಮೊದಲ ದಿನ ಹೆದರಿದವರಿಗೆ ಧೈರ್ಯ ಬರಲೆಂದು ಎರಡು ಕಟ್ಟುತ್ತೇನೆ, ಅಷ್ಟೇ. ಮೊಟ್ಟೆಯದೂ ಅದೇ ಕತೆ. ಅದನ್ನು ಏರ್‌ಗನ್ನಿನವರಿಗೆ ಬಿಟ್ಟರೆ ಚೆನ್ನ. ಹಳೆಯ ದಿನಪತ್ರಿಕೆಯ ಹಾಳೆ ಮೋಜಿಲ್ಲದ ಗುರಿ, ಆದರೆ ನಿಜ ಹೇಳುತ್ತದೆ. ಚರೆ ಬಲಕ್ಕೆ ಹೋಯಿತೋ, ಕೆಳಗೆ ಇಳಿಯಿತೋ, ತೂತು ಎಣಿಸಿದರಾಯಿತು. ತೆಂಗಿನಕಾಯಿ ಬಲೂನು, ಹಾಳೆಗಳ ನಡುವಿನದು. ನಾರು ಒಂದೆರಡು ಚರೆಯನ್ನು ನುಂಗಿ ಸುಮ್ಮನಿರುತ್ತದೆ, ಈಡಿನ ನಡುಭಾಗವೇ ಬಡಿದರೆ ಮಾತ್ರ ನೀರು ಬಿಡುತ್ತದೆ.

ಬಾಟಲಿ ಮಾತ್ರ ನಮ್ಮಲ್ಲಿ ನಿಷಿದ್ಧ. ಒಡೆಯುವಾಗ ಚೆಂದ, ನಾಳೆ ಕಾಫಿ ಕೊಯ್ಯಲು ಬರುವವರ ಕಾಲಿಗೆ ಗಾಜು. ಹಿಂದೆ ಅಮೆರಿಕದಲ್ಲಿ ಗಾಜಿನ ಗೋಲಗಳನ್ನೇ ಹಾರಿಸಿ ಹೊಡೆಯುತ್ತಿದ್ದರಂತೆ. 1880ರಲ್ಲಿ ಜಾರ್ಜ್ ಲಿಗೌಸ್ಕಿ ಎಂಬಾತ ಮಣ್ಣಿನ ಬಿಲ್ಲೆ ಮಾಡಿದ ಮೇಲೆ ಆ ರಗಳೆ ತಪ್ಪಿತು. ಈಗಿನ ಬಿಲ್ಲೆ ಸುಣ್ಣಕಲ್ಲಿನ ಪುಡಿ, ಡಾಂಬರಿನಂಥ ಅಂಟಿನದು, 110 ಮಿ.ಮೀ. ಅಗಲ, 105 ಗ್ರಾಂ. ಅದನ್ನು ಇಂದಿಗೂ ‘ಮಣ್ಣಿನ ಪಾರಿವಾಳ’ ಎನ್ನುವುದು ಸುಮ್ಮನಲ್ಲ. 1900ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ವೇಳೆ ಜೀವಂತ ಪಾರಿವಾಳಗಳನ್ನೇ ಹಾರಿಸಿ ಹೊಡೆದರು, 21 ಹಕ್ಕಿ ಉರುಳಿಸಿದ ಬೆಲ್ಜಿಯಂನವನು ಗೆದ್ದ. ರಾಜ್ಯವರ್ಧನ್ ಸಿಂಗ್ ರಾಠೋಡ್ 2004ರಲ್ಲಿ ಅಥೆನ್ಸ್‌ನಲ್ಲಿ ಬೆಳ್ಳಿ ತಂದದ್ದು ಮಣ್ಣಿನ ಹಕ್ಕಿ ಹೊಡೆದು.

ಯಾವ ಗುರಿಯಾದರೂ ಮೊದಲು ನೋಡಬೇಕಾದದ್ದು ಅದರ ಹಿಂದೆ ಏನಿದೆ ಎಂಬುದನ್ನು. ಸಣ್ಣ ಚರೆಯೂ ಇನ್ನೂರು ಮೀಟರ್ ಹೋದೀತು. ಬಂಡೆಗೆ, ಕಬ್ಬಿಣಕ್ಕೆ ತಾಗಿದರೆ ತಿರುಗಿ ಬಂದೀತು. ನಮಗೆ ಗದ್ದೆಯ ಆಚೆ ಒಂದು ಮಣ್ಣಿನ ಬರೆ ಇತ್ತು, ಮಾವನ ಕಾಲದ ಸೀಸವನ್ನೆಲ್ಲ ಅದೇ ನುಂಗಿತ್ತು. 2018ರ ಆಗಸ್ಟ್‌ನಲ್ಲಿ ಹಟ್ಟಿಹೊಳೆ, ಮುಕ್ಕೋಡ್ಲು ಕಡೆಯೆಲ್ಲ ಗುಡ್ಡ ಜಾರಿದಾಗ ಆ ಬರೆಯೂ ಗದ್ದೆಗೆ ಬಂದು ಬಿತ್ತು. ಆ ವರ್ಷ ನಾವು ಕಾಯಿ ಕಟ್ಟಲಿಲ್ಲ. ಈಗ ಮನೆಯ ಮೇಲಿನ ದಿಬ್ಬವೇ ಗತಿ. ಅಲ್ಲಿಂದ ಸದ್ದು ಊರಿಗೆಲ್ಲ ಕೇಳುತ್ತದೆ.

ಹೋದ ವರ್ಷ ಬೆಂಗಳೂರಿನಿಂದ ಬಂದ ಮೈದುನನ ಮಗಳು ಎರಡು ಬಲೂನು ಒಡೆದು, “ಬಲ್ಯವ್ವ, ನನಗೆ ಬಂತು!” ಎಂದಳು. ಹಾಳೆ ಕಟ್ಟಿದೆ. ತೂತೆಲ್ಲ ಬಲಗಡೆ. ಮುಖ ಸಣ್ಣದಾಯಿತು. ಭುಜಕ್ಕೆ ಕೋವಿ ಒತ್ತಿ ಹಿಡಿಸಿದೆ, ಮೂರನೆಯ ಹಾಳೆಗೆ ಚರೆಯನ್ನು ನಡುವಿಗೆ ತಂದಳು. ಆಮೇಲೆ ಕಾಯಿ. ಮೊದಲ ಈಡಿಗೆ ಕಾಯಿ ಅಲುಗಾಡಿತು, ಹುರುಪಿನಲ್ಲಿ ಬೆನ್ನಿಗೇ ಇನ್ನೊಂದು ಹೊಡೆದಳು. ನೀರು ಚಿಮ್ಮಿತು.

ಐದು ನಿಮಿಷದಲ್ಲಿ ಆಚೆ ತೋಟದ ಮನೆಯಿಂದ ಫೋನು. ಮೆಲ್ಲಗೆ ಕೇಳಿದರು: “ಯಾರು ಹೋದದ್ದು?”